ಪ್ರಯಾಣಿಕರಿಲ್ಲದ ಟ್ರಿಪ್ಪು

ಅವನು ಸತ್ತ ಸುದ್ದಿ ಬಂದಾಗ ನಾನು ಹಲಸಿನ ಹಣ್ಣು ಬಿಡಿಸುತ್ತಿದ್ದೆ. ಕೈಗೆಲ್ಲ ಎಣ್ಣೆ, ಮೇಣ. ಫೋನು ಮುಟ್ಟುವಂತಿರಲಿಲ್ಲ, ಹೆಂಡತಿ ತಂದು ಕಿವಿಗೆ ಹಿಡಿದಳು. ಆಚೆಯಿಂದ ಅವನ ಮಗಳು, “ಮಾವ, ಅಪ್ಪ ಹೋದ್ರು” ಎಂದಳು. “ಹೌದಾ” ಎಂದೆ. ಬೆಳಿಗ್ಗೆ ಹಲ್ಲುಜ್ಜಲು ಹೊರಗೆ ಹೋದವನು ಅಂಗಳದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತನಂತೆ, ಆಮೇಲೆ ಏಳಲಿಲ್ಲವಂತೆ. ಬರುತ್ತೇನೆಂದು ಹೇಳಿ, ಉಳಿದ ಹಣ್ಣನ್ನೂ ಬಿಡಿಸಿ ಮುಗಿಸಿದೆ. ಅರ್ಧಕ್ಕೆ ಬಿಟ್ಟರೆ ನೊಣ ಮುತ್ತುತ್ತದೆ ಎಂಬುದೊಂದೇ ತಲೆಯಲ್ಲಿದ್ದ ಯೋಚನೆ. ಹೆಂಡತಿ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಅಳು ಬರಲಿಲ್ಲ. ಇದನ್ನು ಬರೆಯುವ ಹೊತ್ತಿಗೂ ಬಂದಿಲ್ಲ. ತುಂಬ ಹೊತ್ತು ಒಂದೇ ಭಂಗಿಯಲ್ಲಿ ಕುಳಿತರೆ ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಎಲ್ಲೋ ಒಳಗೆ ಜೋಮು ಹಿಡಿದಿದೆ.

ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಅವನು ಡ್ರೈವರ್. ಪುತ್ತೂರು, ಸುಳ್ಯ, ಸಂಪಾಜೆ ದಾಟಿ ಘಾಟಿ ಹತ್ತಿ ಮಡಿಕೇರಿಗೆ ಹೋಗಿ ಬರುವ ಬಸ್ಸು ನಮ್ಮದು. ಅವನು ಮುಂದೆ, ನಾನು ಹಿಂದೆ, ನಡುವೆ ಗಂಟೆಯ ಒಂದು ಹಗ್ಗ. ಎಷ್ಟೋ ವರ್ಷ ನಮ್ಮ ಮಾತುಕತೆಯೆಲ್ಲ ಆ ಹಗ್ಗದಲ್ಲೇ ನಡೆಯಿತು. ಒಂದು ಸಲ ಎಳೆದರೆ ನಿಲ್ಲು, ಎರಡು ಸಲ ಎಳೆದರೆ ಹೋಗು. ಗಂಡ ಹೆಂಡತಿ ಇಷ್ಟರಲ್ಲೇ ಸುಧಾರಿಸಿಕೊಂಡರೆ ಊರಿನಲ್ಲಿ ಪಂಚಾಯಿತಿಕೆಯೇ ಇರುವುದಿಲ್ಲ ಎಂದು ನಾನು ತಮಾಷೆ ಮಾಡುವುದಿತ್ತು. ಅವನು ನಗುತ್ತಿರಲಿಲ್ಲ. ಸ್ಟಿಯರಿಂಗ್ ಹಿಡಿದ ಮೇಲೆ ಅವನಿಗೆ ನಗು, ಮಾತು, ಹಸಿವು ಯಾವುದೂ ಇಲ್ಲ. ಬಾಯಲ್ಲಿ ಉಪ್ಪು ಹಚ್ಚಿದ ಒಂದು ತುಂಡು ಶುಂಠಿ. ಮಡಿಕೇರಿಯಲ್ಲಿ ಇಳಿದು ಮುಖ ತೊಳೆದ ಮೇಲೆ ಅವನೊಬ್ಬ ಮನುಷ್ಯ.

ಘಾಟಿಯಲ್ಲಿ ಎದುರಿನ ಗಾಡಿ ದಾರಿ ಬಿಟ್ಟುಕೊಟ್ಟರೆ ಅವನು ಬಲಗೈಯನ್ನು ಕಿಟಕಿಯ ಹೊರಗೆ ಚಾಚಿ, ಅಂಗೈ ತೆರೆದು ಸ್ವಲ್ಪ ಮೇಲೆತ್ತುತ್ತಿದ್ದ. ನಮಸ್ಕಾರವೂ ಅಲ್ಲ, ಟಾಟಾವೂ ಅಲ್ಲ. ಕಾಯಿ ಒಡೆದ ಮೇಲೆ ಪ್ರಸಾದಕ್ಕೆ ಕೈ ಒಡ್ಡುವ ಹಾಗೆ. ಸಣ್ಣ ಆಟೋದವನಿಗೂ ಅದೇ, ದೊಡ್ಡ ಟ್ಯಾಂಕರಿನವನಿಗೂ ಅದೇ. ಸುಳ್ಯದಲ್ಲಿ ಹತ್ತುವ ಕಾಲೇಜು ಮಕ್ಕಳು, ಬಸ್ಸು ನಿಧಾನವೆಂದು ಅವನನ್ನು ಅಜ್ಜನೆಂದು ಕರೆಯುತ್ತಿದ್ದರು. ಆಗ ಅವನಿಗೆ ತಲೆಯಲ್ಲಿ ಒಂದೂ ಬಿಳಿಕೂದಲಿರಲಿಲ್ಲ. ಒಮ್ಮೆ ಒಬ್ಬ ದೊಡ್ಡ ಕಾರಿನವನು ತಿರುವುಗಳಲ್ಲೆಲ್ಲ ಹಾರ್ನ್ ಹೊಡೆದು ಹೊಡೆದು, ಕೊನೆಗೆ ಹೇಗೋ ಮುಂದೆ ನುಗ್ಗಿ, ಕಾರನ್ನು ಅಡ್ಡ ನಿಲ್ಲಿಸಿ ಜಗಳಕ್ಕೆ ಬಂದ. ಸೈಡು ಯಾಕೆ ಕೊಡಲಿಲ್ಲವೆಂದು ಕೂಗಾಡಿದ. ಇವನು ಶುಂಠಿಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, “ನನ್ನ ಬೆನ್ನಿಗೆ ಒಂದು ಬಸ್ಸು ಜನ ಉಂಟು ಮಾರಾಯ್ರೆ. ನಿಮ್ಮ ಬೆನ್ನಿಗೆ ಯಾರುಂಟು?” ಎಂದ. ಸ್ಟಿಯರಿಂಗಿನ ಮುಂದೆ ಅವನು ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ನಿವೃತ್ತಿಗೆ ಇನ್ನೂ ಕೆಲವು ವರ್ಷ ಇರುವಾಗ ಅವನಿಗೆ ಎದೆನೋವು ಬಂತು. ಮಂಗಳೂರಿಗೆ ಒಯ್ದರು, ಸ್ಟೆಂಟ್ ಹಾಕಿದರು, ಬದುಕಿದ. ಆದರೆ ಇನ್ನು ದೊಡ್ಡ ಗಾಡಿ ಬಿಡುವುದು ಬೇಡವೆಂದು ಡಾಕ್ಟರರು ಬರೆದುಕೊಟ್ಟರು. ಸರಿಯಾಗಿಯೇ ಬರೆದದ್ದು. ಘಾಟಿಯ ತಿರುವಿನಲ್ಲಿ ಡ್ರೈವರನ ಎದೆ ನಿಂತರೆ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ತಿಳಿದವರು ಯಾರಿದ್ದಾರೆ? ಅವನು ಒಂದು ಮಾತೂ ಎದುರಾಡಲಿಲ್ಲ. ಡಿಪೋದ ಕಚೇರಿಯಲ್ಲಿ ಒಂದು ಕುರ್ಚಿ ಕೊಟ್ಟರು. ಅಲ್ಲಿ ಕುಳಿತ.

ಆ ದಿನಗಳ ಅವನ ಮುಖ ನನಗೆ ನೆನಪಿದೆ, ಅಂದರೆ ನೆನಪಿಡುವಂಥದ್ದು ಆ ಮುಖದಲ್ಲಿ ಏನೂ ಇರಲಿಲ್ಲ. ದುಃಖವಾಗಲಿ ಸಿಟ್ಟಾಗಲಿ ಕಾಣುತ್ತಿರಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದ, ಚಹಾ ಕೊಟ್ಟರೆ ಕುಡಿಯುತ್ತಿದ್ದ. ಸಂಜೆ ಬೇರೆಯವರು ಓಡಿಸುವ ಬಸ್ಸಿನಲ್ಲಿ ಪ್ರಯಾಣಿಕನಾಗಿ ಊರಿಗೆ ಹೋಗುವಾಗ ಅವನ ಬಲಗಾಲು ಪ್ರತಿ ತಿರುವಿನಲ್ಲೂ ನೆಲವನ್ನು ಒತ್ತುತ್ತಿತ್ತು. “ಕಾಲು ಬ್ರೇಕ್ ಹುಡುಕುದು ಮಾರಾಯ. ಅದಕ್ಕೆ ಇನ್ನೂ ಗೊತ್ತಾಗ್ಲಿಲ್ಲ” ಎಂದು ತನ್ನ ಕಾಲಿನ ಬಗ್ಗೆ, ನೆರೆಮನೆಯ ಪೆದ್ದನೊಬ್ಬನ ಬಗ್ಗೆ ಹೇಳುವ ಹಾಗೆ ಹೇಳಿದ್ದ. ಅವನ ಮನೆ ಸಂಪಾಜೆಯ ಈಚೆ, ಹೆದ್ದಾರಿಯಿಂದ ಸ್ವಲ್ಪವೇ ಕೆಳಗೆ. ಜಗಲಿಯಲ್ಲಿ ಕುಳಿತರೆ ಘಾಟಿಗೆ ಹೋಗುವ ಗಾಡಿಗಳ ಶಬ್ದ ಕೇಳುತ್ತದೆ. ಯಾರು ಯಾವ ಗೇರಿಗೆ ಇಳಿಸಿದರು, ಯಾರು ಕ್ಲಚ್ಚು ಸುಟ್ಟರು ಎಂದು ಕೇಳಿಸಿಕೊಳ್ಳುತ್ತ ಕೂರುತ್ತಿದ್ದ. ಅವನ ಹೆಂಡತಿ ಟಿವಿಯ ಧ್ವನಿ ಹೆಚ್ಚಿಸುತ್ತಿದ್ದರು.

ಆಗ ಡಿಪೋದ ಮೆಕ್ಯಾನಿಕ್ ಒಬ್ಬ ಅವನಿಗೆ ಮೊಬೈಲಿನಲ್ಲಿ ಒಂದು ಆಟ ತೋರಿಸಿದ. ಬಸ್ಸು ಓಡಿಸುವ ಆಟ. ಬೇಕಾದ ಬಣ್ಣದ ಬಸ್ಸು, ಬೇಕಾದ ರಸ್ತೆ ಹಾಕಿಕೊಳ್ಳಬಹುದು. ನಮ್ಮ ಕೆಂಪು ಬಸ್ಸು ಕೂಡ, ಮುಂದಿನ ಬೋರ್ಡಿನ ಸಮೇತ ಅದರಲ್ಲಿ ಇತ್ತು. ಯಾರೋ ಕೆಲಸವಿಲ್ಲದವರು ಮಾಡಿಟ್ಟದ್ದು ಎಂದು ನಾನು ಆಗ ಹೇಳಿದೆ. ಒಬ್ಬನೇ ಓಡಿಸಬಹುದು, ಇಲ್ಲವೇ ಇಂಟರ್‌ನೆಟ್ಟಿನಲ್ಲಿ ಎಲ್ಲೆಲ್ಲಿಯೋ ಇರುವವರ ಜೊತೆ ಸಾಲಾಗಿ ಓಡಿಸಬಹುದು. ಹಾಗೆ ಒಟ್ಟು ಸೇರುವುದಕ್ಕೆ ರೂಮು ಎನ್ನುತ್ತಾರೆ. ರೂಮಿನಲ್ಲಿ ಇರುವವರು ಒಬ್ಬರಿಗೊಬ್ಬರು ಮಾತಾಡಲೂಬಹುದು. ಕೆಲವು ವಾರಗಳಲ್ಲಿ ಅವನಿಗೆ ಒಂದು ಖಾಯಂ ರೂಮು ಆಯಿತು. ಸಂಜೆ ಏಳೂವರೆಗೆ ಮುಖ ತೊಳೆದು, ಶುಂಠಿ ಬಾಯಿಗೆ ಹಾಕಿ, ಜಗಲಿಯ ಕುರ್ಚಿಯಲ್ಲಿ ಕುಳಿತು ಮೊಬೈಲು ಹಿಡಿದರೆ ಒಂದು ಟ್ರಿಪ್ಪು ಮುಗಿಯುವವರೆಗೆ ಏಳುತ್ತಿರಲಿಲ್ಲ.

ಅವನ ಜೊತೆಗಿದ್ದವರು ಮೂವರು. ಒಬ್ಬ ಪುತ್ತೂರಿನ ಹತ್ತಿರದ ಕಾಣಿಯೂರು ಕಡೆಯ ಬ್ಯಾರಿ ಮುಸ್ಲಿಂ, ಶಾರ್ಜಾದ ಒಂದು ಸೂಪರ್ ಮಾರ್ಕೆಟಿನ ಕೋಲ್ಡ್ ಸ್ಟೋರಿನಲ್ಲಿ ಕೆಲಸ ಮಾಡುವವನು. ಇನ್ನೊಬ್ಬ ಸೇಲಂನವನು, ಹಗಲಿಡೀ ನಿಜವಾದ ಲಾರಿ ಓಡಿಸಿ, ಸಂಜೆ ಅದೇ ಲಾರಿಯ ಕ್ಯಾಬಿನ್ನಿನಲ್ಲಿ ಕುಳಿತು ಮೊಬೈಲಿನಲ್ಲಿ ಬಸ್ಸು ಓಡಿಸುವ ಆಸಾಮಿ. ಮೂರನೆಯವರು ಇಂಡೋನೇಷ್ಯಾದವರು. ಗಂಡಸೋ ಹೆಂಗಸೋ, ವಯಸ್ಸೆಷ್ಟೋ ಯಾರಿಗೂ ತಿಳಿಯದು. ಮಾತಾಡುತ್ತಿರಲಿಲ್ಲ, ಹಾರ್ನ್ ಹೊಡೆಯುತ್ತಿದ್ದರು, ಅಷ್ಟೆ.

ಒಂದು ಸಂಜೆ ಅವನ ಮನೆಗೆ ಹೋದವನು ಪಕ್ಕದಲ್ಲಿ ಕುಳಿತು ನೋಡಿದೆ. ನನಗೆ ಸಿಟ್ಟೇ ಬಂತು. ರಸ್ತೆ ಚೆನ್ನಾಗಿದೆ, ಮರ ಇದೆ, ಮಳೆಯೂ ಬರುತ್ತದೆ. ಬಸ್ಸಿನ ಒಳಗೆ ನರಪಿಳ್ಳೆ ಇಲ್ಲ. ಸೀಟುಗಳೆಲ್ಲ ಖಾಲಿ. ಕಂಡಕ್ಟರನಾದವನಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

“ಇದರಲ್ಲಿ ಜನ ಎಲ್ಲಿ ಮಾರಾಯ?” ಎಂದೆ. “ಹತ್ತುವವರಿಲ್ಲ, ಇಳಿಯುವವರಿಲ್ಲ. ಯಾರನ್ನು ಎಲ್ಲಿಗೆ ಮುಟ್ಟಿಸ್ಲಿಕ್ಕೆ ನೀನು ಹೀಗೆ ಬೆವರು ಸುರಿಸುದು? ಇದಕ್ಕೆ ಎಂತ ಅರ್ಥ ಉಂಟು?”

ಅವನು ಒಂದು ತಿರುವು ಮುಗಿಸಿ, ನೆಟ್ಟಗಿನ ರಸ್ತೆ ಬಂದ ಮೇಲೆ ಹೇಳಿದ. “ಜನರ ಮುಖ ನೋಡಿದವ ನೀನು. ನಾನೆಲ್ಲಿ ನೋಡಿದ್ದೇನೆ? ನಾನು ನೋಡಿದ್ದು ರಸ್ತೆ. ಹಿಂದೆ ಜನ ಇದ್ದಾರೆ ಅಂತ ನೀನು ಗಂಟೆ ಹೊಡೀತಿದ್ದೆ, ನಾನು ನಂಬ್ತಿದ್ದೆ. ಈಗಲೂ ಅಷ್ಟೆ. ಹಿಂದೆ ಮೂರು ಬಸ್ಸು ಉಂಟು, ನಾನು ತಪ್ಪಿದ್ರೆ ಅವರೂ ತಪ್ತಾರೆ. ಮತ್ತೆ ಎಂತ ಬೇಕು?”

“ತಪ್ಪಿದ್ರೆ ಎಂತಾಗ್ತದೆ? ಯಾರಾದ್ರೂ ಸಾಯ್ತಾರಾ?”

“ಸಾಯುದಿಲ್ಲ. ಅದೇ ಒಳ್ಳೆದಲ್ವಾ?” ಎಂದ.

ಉತ್ತರ ಇಲ್ಲದಿದ್ದರೆ ಸುಮ್ಮನಿರುವ ಜಾತಿ ನನ್ನದಲ್ಲ. ಖಾಲಿ ಬಸ್ಸು ಓಡಿಸಿದರೆ ಡೀಸೆಲ್ ದಂಡ, ಖಾಲಿ ಮೊಬೈಲು ಓಡಿಸಿದರೆ ಕಣ್ಣು ದಂಡ ಎಂದು ಗೊಣಗಿ ಎದ್ದು ಬಂದೆ. ಆಮೇಲೆಯೂ ಸುಳ್ಯದ ಕಡೆ ಹೋದಾಗಲೆಲ್ಲ ಹೋಗಿ ಪಕ್ಕದಲ್ಲಿ ಕುಳಿತದ್ದುಂಟು. ಯಾಕೆ ಹೋಗುತ್ತಿದ್ದೆನೋ. ಅವನ ಪಕ್ಕದಲ್ಲಿ ಕುಳಿತರೆ ಏನೋ ಒಂದು ಡ್ಯೂಟಿಯ ಮೇಲಿದ್ದ ಹಾಗೆ ಆಗುತ್ತಿತ್ತು.

ಘಾಟಿಯ ಬುಡದಲ್ಲಿ ರಸ್ತೆ ಪಕ್ಕ ಒಂದು ದೈವದ ಕಟ್ಟೆ ಇದೆ. ಹತ್ತುವ ಬಸ್ಸುಗಳು ಅಲ್ಲಿ ಒಂದು ಗಳಿಗೆ ನಿಲ್ಲುವುದು ವಾಡಿಕೆ. ಪ್ರಯಾಣಿಕರು ಕೈಯಿಂದ ಕೈಗೆ ದಾಟಿಸಿದ ಚಿಲ್ಲರೆಯನ್ನು ಕಂಡಕ್ಟರ್ ಇಳಿದು ಹೋಗಿ ಕಾಣಿಕೆ ಡಬ್ಬಿಗೆ ಹಾಕಿ ಬರಬೇಕು, ಆಮೇಲೆಯೇ ಬಸ್ಸು ಹತ್ತುವುದು. ಇವನು ಮೊಬೈಲಿನ ಆಟದಲ್ಲೂ ಮೊದಲನೆಯ ಸಲ ಗುಡ್ಡ ಹತ್ತುವಾಗ ಬುಡದಲ್ಲಿ ಗಕ್ಕನೆ ನಿಲ್ಲಿಸಿಬಿಟ್ಟಿದ್ದನಂತೆ. ಹಿಂದಿದ್ದ ಸೇಲಂನವನು ಬಂದು ಇವನಿಗೆ ಗುದ್ದಿದ, ಶಾರ್ಜಾದವನು ಸೇಲಂಗೆ ಗುದ್ದಿದ, ಇಂಡೋನೇಷ್ಯಾ ಪಕ್ಕಕ್ಕೆ ತಿರುಗಿಸಲು ಹೋಗಿ ಸೀದಾ ಕಮರಿಗೆ ಬಿತ್ತು. ಎರಡು ಭಾಷೆಯಲ್ಲಿ ಬೈಗುಳ, ಕಮರಿಯಿಂದ ಹಾರ್ನು. ಇವನಿಗೆ ಆಶ್ಚರ್ಯ. “ಘಾಟಿ ಹತ್ತುವಾಗ ನಿಲ್ಲಿಸುದಿಲ್ವಾ ನೀವು?” ಎಂದು ಅವರನ್ನೇ ಕೇಳಿದ್ದಾನೆ. ಕಾಣಿಯೂರಿನವನಿಗೆ ಸಣ್ಣವನಿದ್ದಾಗ ಉಮ್ಮನ ಜೊತೆ ಮಡಿಕೇರಿಗೆ ಹೋದದ್ದು ನೆನಪಾಗಿ, ನಕ್ಕು, ಉಳಿದವರಿಗೆ ಅದೇನೆಂದು ವಿವರಿಸಿದನಂತೆ. ಮರುದಿನದಿಂದ ಎಲ್ಲರೂ ನಿಲ್ಲಿಸತೊಡಗಿದರು. ನಾನೇ ಕಣ್ಣಾರೆ ನೋಡಿದ್ದೇನೆ. ಕಟ್ಟೆ ಇಲ್ಲ, ಡಬ್ಬಿ ಇಲ್ಲ, ದೈವವೂ ಇಲ್ಲ, ಯಾವುದೋ ದೇಶದವರು ಬರೆದ ಗುಡ್ಡ. ಅದರ ಬುಡದಲ್ಲಿ ನಾಲ್ಕು ಖಾಲಿ ಬಸ್ಸುಗಳು ಸಾಲಾಗಿ ನಿಂತು, ಒಂದು ಉಸಿರು ತೆಗೆದು, ಹೊರಡುತ್ತಿದ್ದವು.

ಆ ಶಾರ್ಜಾದವನಿಗೆ ಇನ್ನೊಂದು ಹುಚ್ಚಿತ್ತು. ನೆಟ್ಟಗಿನ ರಸ್ತೆ ಬಂದಾಗ, “ಅಣ್ಣ, ಸ್ಟಾಪ್ ಹೇಳಿ” ಎನ್ನುತ್ತಿದ್ದ. ಇವನು ನಮ್ಮ ರೂಟು ಬಿಟ್ಟು, ಆಚೆಯವನ ಊರಿನ ದಾರಿ ಹಿಡಿದು, ಪುತ್ತೂರಿನಿಂದ ಶುರು ಮಾಡಿ ದರ್ಬೆ, ಸವಣೂರು ಎಂದು ಹೇಳುತ್ತ ಹೋಗುತ್ತಿದ್ದ. ಕಾಣಿಯೂರು ಬಂದಾಗ ಆಚೆಯವನು, “ಹ್ಞಾ, ಇಲ್ಲಿ ಇಳೀತೇನೆ” ಎನ್ನುತ್ತಿದ್ದ. ಇಳಿಯಲಿಕ್ಕೆ ಏನಿದೆ? ಇಬ್ಬರೂ ಬೇರೆ ಬೇರೆ ಬಸ್ಸು ಓಡಿಸುತ್ತಿದ್ದಾರೆ, ಒಬ್ಬ ಸಂಪಾಜೆಯಲ್ಲಿ, ಒಬ್ಬ ಸಮುದ್ರದ ಆಚೆ. ಆದರೂ ಇವನು ಒಮ್ಮೆ ವೇಗ ತಗ್ಗಿಸುತ್ತಿದ್ದ.

ಅವನ ಹೆಂಡತಿಗೆ ಇದೆಲ್ಲ ಹೊಟ್ಟೆಗೆ ಬೆಂಕಿ ಹಾಕಿದಂತೆ ಇತ್ತು. ಅದರಲ್ಲಿ ಅವರ ತಪ್ಪಿಲ್ಲ. ಮದುವೆಯಾದ ದಿನದಿಂದ ಗಂಡ ಬಸ್ಸಿಗೆ ಹೋದವನು, ಇನ್ನಾದರೂ ಮನೆಯಲ್ಲಿ ಇರುತ್ತಾನೆ ಎಂದುಕೊಂಡರೆ ಜಗಲಿಯಲ್ಲೇ ಬಸ್ಸು ಹತ್ತಿ ಹೋಗುತ್ತಾನೆ. ಮನೆಯಲ್ಲಿ ದಿನಕ್ಕೆ ಹತ್ತು ಮಾತಾಡದವನು ಸೇಲಂನವನ ಹತ್ತಿರ ಊಟ ಆಯಿತಾ, ಕಾಲುನೋವು ಹೇಗಿದೆ ಎಂದು ಮುರುಕು ತಮಿಳಿನಲ್ಲಿ ಕೇಳುತ್ತಾನೆ. ಒಮ್ಮೆ ಅವರು ನನ್ನನ್ನು ಅಡಿಗೆಮನೆಯ ಬಾಗಿಲಿಗೆ ಕರೆದು ಕೇಳಿದರು.

“ಅಣ್ಣ, ನೀವು ಇವರೊಟ್ಟಿಗೆ ಇಷ್ಟು ವರ್ಷ ಇದ್ದವರು. ಹೇಳಿ, ಆ ಜನ ಇವರಿಗೆ ಎಂತ ಆಗ್ಬೇಕು? ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ನಾಳೆ ಇವರಿಗೆ ಏನಾದ್ರೂ ಆದ್ರೆ ಹೆಗಲು ಕೊಡ್ಲಿಕ್ಕೆ ಬರುವವರಾ ಅವರು?”

“ಬರ್ಲಿಕ್ಕಿಲ್ಲ” ಎಂದೆ.

“ಮತ್ತೆ ಅದ್ರಲ್ಲಿ ಎಂತ ಉಂಟು?”

“ಗೊತ್ತಿಲ್ಲ ಅಕ್ಕ” ಎಂದೆ. ಜಗಲಿಯಲ್ಲಿ ಅವನು ಏರು ಹತ್ತುತ್ತಿದ್ದ. ಶಬ್ದದಿಂದಲೇ ಎರಡನೇ ಗೇರು ಎಂದು ತಿಳಿಯುತ್ತಿತ್ತು.

ಅವನದೊಂದು ಮಾತಿತ್ತು. “ಏರಿದ ಗೇರಲ್ಲೇ ಇಳೀಬೇಕು.” ಇಳಿಜಾರಿನಲ್ಲಿ ಬರೀ ಬ್ರೇಕನ್ನು ನಂಬಬೇಡ ಎನ್ನುವುದಕ್ಕೆ ಎಲ್ಲ ಘಾಟಿ ಡ್ರೈವರುಗಳೂ ಹೇಳುವ ಮಾತೇ. ಇವನು ಮಾತ್ರ ಅದನ್ನು ಎಲ್ಲದಕ್ಕೂ ಹೇಳುತ್ತಿದ್ದ. ಮಗಳ ಮದುವೆಯ ಖರ್ಚಿನ ಮಾತು ಬಂದಾಗಲೂ ಹೇಳಿದ, ತನ್ನ ನಿವೃತ್ತಿಯ ದಿನ ಡಿಪೋದಲ್ಲಿ ಹಾರ ಹಾಕಿ ಎರಡು ಮಾತಾಡಿ ಎಂದಾಗಲೂ ಅಷ್ಟನ್ನೇ ಹೇಳಿ ಕುಳಿತ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅವನು ಕಚೇರಿಯ ಕುರ್ಚಿಯಿಂದ ನಿವೃತ್ತನಾದವನು, ಡ್ರೈವರನ ಸೀಟಿನಿಂದಲ್ಲ ಎಂಬುದು ಅಲ್ಲಿ ಎಷ್ಟು ಜನರಿಗೆ ಹೊಳೆಯಿತೋ ಗೊತ್ತಿಲ್ಲ.

ಸತ್ತ ದಿನ ಹೋಗಿ ನೋಡಿದೆ. ಹೆಗಲು ಕೊಟ್ಟೆ. ಬೂದಿಯಾಗುವವರೆಗೆ ನಿಂತು ಬಂದೆ. ಏನೂ ಅನ್ನಿಸಲಿಲ್ಲ. ವಾರ ಕಳೆದ ಮೇಲೆ ಅವನ ಹೆಂಡತಿ ಹೇಳಿಕಳಿಸಿದರು, ಬೊಜ್ಜದ ಹೇಳಿಕೆಗೆ ಆಳು ಸಾಲದು, ನೀವೂ ಬನ್ನಿ ಎಂದು.

ನಮ್ಮ ಕಡೆ ಉತ್ತರಕ್ರಿಯೆಗೆ ಬೊಜ್ಜ ಎನ್ನುತ್ತಾರೆ. ಅದಕ್ಕೆ ಜನರನ್ನು ಕರೆಯುವುದಕ್ಕೆ ಹೇಳಿಕೆ ಎಂದು ಹೆಸರು. ಕಾಗದ ಹಂಚಿದರೂ, ಫೋನು ಮಾಡಿದರೂ ಅದು ಹೇಳಿಕೆ ಆಗುವುದಿಲ್ಲ. ಮನೆಯವರ ಕಡೆಯಿಂದ ಒಬ್ಬ ಹೋಗಿ ಎದುರು ನಿಂತು ಬಾಯಿಬಿಟ್ಟು ಹೇಳಬೇಕು. ಹೇಳದೆ ಬಿಟ್ಟ ಮನೆಯವರು ಹತ್ತು ವರ್ಷ ಕಳೆದರೂ ಅದನ್ನು ಎತ್ತಿ ಆಡುತ್ತಾರೆ. ಹಾಗಾಗಿ ಜಗಲಿಯಲ್ಲಿ ಕುಳಿತು, ಯಾವ ಕಡೆಗೆ ಯಾರು ಹೋಗುವುದೆಂದು ಅವನ ತಮ್ಮ, ಅಳಿಯ, ನಾನು ಹಂಚಿಕೊಳ್ಳುತ್ತಿದ್ದೆವು. ಸಂಜೆ ಏಳೂವರೆಯ ಹೊತ್ತು. ಒಳಗೆ ದೇವರ ಕೋಣೆಯ ಪಕ್ಕದ ಗೂಡಿನಲ್ಲಿ ಅವನ ಮೊಬೈಲು ಟಿಣ್ಣೆಂದಿತು. ಮತ್ತೊಮ್ಮೆ, ಮತ್ತೊಮ್ಮೆ.

ಅವನ ಹೆಂಡತಿ ಹೊರಗೆ ಬಂದು ಬಾಗಿಲಲ್ಲಿ ನಿಂತರು. “ಇವರು ಹೋದ ದಿನದಿಂದ ಇದು ಹೀಗೆ. ದಿನಾ ಈ ಹೊತ್ತಿಗೆ ಕರೀತದೆ. ಅವರಿಗೆ ಗೊತ್ತಿಲ್ಲ ಅಲ್ವಾ?”

“ನಾನೊಂದು ಮೆಸೇಜ್ ಹಾಕ್ತೇನೆ ಅಮ್ಮ” ಎಂದಳು ಮಗಳು.

“ಮೆಸೇಜ್ ಹಾಕಿದ್ರೆ ಹೇಳಿಕೆ ಆಗ್ತದಾ?”

ಅವನ ತಮ್ಮನಿಗೆ ಕಸಿವಿಸಿಯಾಯಿತು. “ಅತ್ತಿಗೆ, ನಿಮಗೆಂತ ಆಗಿದೆ? ಮೊಬೈಲಿನ ಆಟದವರಿಗೆಲ್ಲ ಹೇಳಿಕೆಯಾ? ಊರವರು ನಗಾಡ್ತಾರೆ. ಅವರೇನು ನೆಂಟರಾ, ಇಷ್ಟರಾ?”

“ಗೊತ್ಲೆ” ಎಂದರು ಅವರು, ಗೊತ್ತಿಲ್ಲ ಎನ್ನುವುದಕ್ಕೆ ತಮ್ಮ ಮನೆಭಾಷೆಯಲ್ಲಿ. ಆಮೇಲೆ ನನ್ನ ಕಡೆ ತಿರುಗಿದರು. “ಇವರನ್ನು ಹೀಗೆ ದಿನಾ ಕರೆದವರು ಬೇರೆ ಯಾರೂ ಇಲ್ಲ. ನಾನೂ ಇಲ್ಲ. ಅಣ್ಣ, ಅಲ್ಲಿಗೆ ಹೋಗಿ ಹೇಳ್ಲಿಕ್ಕೆ ಆಗ್ತದಾ?”

ಆಗುತ್ತದೆ ಎಂದೆ. ಮಗಳು ಲಾಕ್ ತೆಗೆದುಕೊಟ್ಟಳು. ಅವನ ಕುರ್ಚಿಯಲ್ಲಿ ಕುಳಿತೆ. ನೋಡಿ ನೋಡಿ ಎಲ್ಲಿ ಒತ್ತುವುದೆಂದು ಅಷ್ಟಿಷ್ಟು ತಿಳಿದಿತ್ತು. ರೂಮಿನೊಳಗೆ ಹೋದೆ. ಒಂದು ಬಸ್ ಸ್ಟ್ಯಾಂಡ್, ಅದರಲ್ಲಿ ಮೂರು ಬಸ್ಸುಗಳು ಇಂಜಿನ್ ಚಾಲೂ ಇಟ್ಟು ಸಾಲಾಗಿ ನಿಂತಿವೆ. ಅವುಗಳ ಮುಂದೆ ಒಂದು ಬಸ್ಸಿನಷ್ಟು ಜಾಗ ಖಾಲಿ ಬಿಟ್ಟಿದ್ದಾರೆ. ಅಲ್ಲಿಗೆ ಬಂದು ನಿಂತದ್ದು ನಾನು.

“ಅಣ್ಣಾ!” ಎಂದು ಒಂದು ಧ್ವನಿ ಕೂಗಿತು. “ಎಲ್ಲಿ ಹೋದದ್ದು ಮಾರಾಯ್ರೆ? ಪತ್ತೆಯೇ ಇಲ್ಲ. ನಾವು ಟ್ರಿಪ್ಪೇ ಬಿಡ್ಲಿಲ್ಲ.” ಉಳಿದವರ ಹಾರ್ನುಗಳು ಒಟ್ಟಿಗೇ ಕೇಳಿದವು. ಬೆರಳು ಎಲ್ಲಿಯೋ ತಾಗಿ ಬಸ್ಸು ಹೊರಟಿತು, ನಿಲ್ಲಿಸಲು ತಿಳಿಯದೆ ಸೀದಾ ಹೋಗಿ ಬಸ್ ಸ್ಟ್ಯಾಂಡಿನ ಗೋಡೆಗೆ ಗುದ್ದಿತು.

ಹಾರ್ನುಗಳು ನಿಂತವು. ಆಮೇಲೆ ಶಾರ್ಜಾದವನು ಮೆಲ್ಲಗೆ, “ಇದು ಅಣ್ಣ ಅಲ್ಲ. ಯಾರು ನೀವು?” ಎಂದ.

“ನಾನು ಅವನ ಕಂಡಕ್ಟರ್.”

“ಓ, ಕಂಡಕ್ಟರಣ್ಣನಾ! ನಿಮ್ಮನ್ನು ಗೊತ್ತುಂಟು. ಹಿಂದೆ ನೀವಿಲ್ಲದ್ದಕ್ಕೆ ಎರಡೆರಡು ಸಲ ಕನ್ನಡಿ ನೋಡ್ಬೇಕಾಗ್ತದೆ ಅಂತ ಅಣ್ಣ ಹೇಳ್ತಾ ಇರ್ತಾರೆ. ಎಲ್ಲಿದ್ದಾರೆ ಅವರು?”

ಕುಳಿತುಕೊಂಡು ಹೇಳಿಕೆ ಮಾಡುವ ಕ್ರಮ ಇಲ್ಲ. ಎದ್ದು ನಿಂತೆ. ಮೊಬೈಲನ್ನು ಎರಡೂ ಕೈಯಲ್ಲಿ ಮುಖದ ಮುಂದೆ ಹಿಡಿದುಕೊಂಡೆ. ಕಾಣುತ್ತಿದ್ದದ್ದು ಗುದ್ದಿದ ಗೋಡೆ ಮಾತ್ರ. “ಅವನು ತೀರಿಕೊಂಡಿದ್ದಾನೆ” ಎಂದೆ. “ಬರುವ ಆದಿತ್ಯವಾರ ಮನೆಯಲ್ಲಿ ಉತ್ತರಕ್ರಿಯೆ. ಮನೆಯವರು ಹೇಳಿಕಳಿಸಿದ್ದಾರೆ. ನೀವು ಬಂದು ಸುಧಾರಿಸಿಕೊಡಬೇಕು.”

ಹೇಳಿಕೆಯಲ್ಲಿ ಎಲ್ಲರಿಗೂ ಹೇಳುವ ಮಾತದು. ಬೇರೆ ಮಾತು ನನಗೆ ತಿಳಿದಿರಲಿಲ್ಲ.

ಶಾರ್ಜಾದವನು ಗಂಟಲಲ್ಲೇ ಏನೋ ಪ್ರಾರ್ಥನೆ ಹೇಳಿಕೊಂಡ. ಸೇಲಂನವನಿಗೆ ತಮಿಳಿನಲ್ಲಿ ತಿಳಿಸಿದ. ಸೇಲಂನವನು “ಅಯ್ಯೋ” ಎಂದ. ಇಂಡೋನೇಷ್ಯಾದವರಿಗೆ ಯಾವ ಭಾಷೆಯಲ್ಲಿ ಬರೆದು ತಿಳಿಸಿದನೋ, ಸ್ವಲ್ಪ ಹೊತ್ತಿನ ಮೇಲೆ ಆ ಬಸ್ಸು ಸಾಲಿನಿಂದ ಹೊರಗೆ ಬಂದು, ನಿಧಾನವಾಗಿ ನನ್ನ ಬಸ್ಸಿನ ಪಕ್ಕದಲ್ಲಿ ನಿಂತು, ತನ್ನ ಮುಂದಿನ ಬಾಗಿಲನ್ನು ತೆರೆಯಿತು. ತೆರೆದೇ ಇಟ್ಟಿತು. ಅದರ ಅರ್ಥವೇನೆಂದು ನನಗೆ ಇವತ್ತಿಗೂ ತಿಳಿಯದು.

“ಅಣ್ಣ, ಒಂದು ಮಾತು” ಎಂದ ಶಾರ್ಜಾದವನು. “ಇದ್ರಲ್ಲಿ ಯಾರೂ ಸಾಯುದಿಲ್ಲ. ಬರುದು ನಿಲ್ಲಿಸ್ತಾರೆ, ಅಷ್ಟೆ. ಎಷ್ಟು ಜನ ಹಾಗೆ ನಿಲ್ಲಿಸಿದ್ದಾರೆ. ಬೇಜಾರಾಯ್ತಾ, ಕೆಲಸ ಸಿಕ್ತಾ, ಸತ್ರಾ, ಎಂತ ಅಂತ ಗೊತ್ತಾಗುದಿಲ್ಲ. ಹೆಸರು ಹಾಗೇ ಇರ್ತದೆ. ನಾವು ಸ್ವಲ್ಪ ದಿನ ಕಾಯುದು, ಮತ್ತೆ ಮರೆಯುದು. ನಮಗೆ ಅಂತ ಒಬ್ಬರು ಬಂದು ಹೇಳಿದ್ದು ಇದು ಮೊದಲು.” ಆಮೇಲೆ ಕೇಳಿದ. “ಅಕ್ಕ ಹೇಳಿಕಳಿಸಿದ್ದಾ? ಅವರಿಗೆ ನಮ್ಮ ಮೇಲೆ ಸಿಟ್ಟಲ್ವಾ? ಅಣ್ಣ ಹೇಳ್ತಿದ್ರು, ಈ ಟ್ರಿಪ್ಪು ಮುಗಿಸಿ ಬೇಗ ಒಳಗೆ ಹೋಗ್ಬೇಕು, ಇಲ್ಲದಿದ್ರೆ ಅವಳು ಉಣ್ಣದೆ ಕೂತುಕೊಳ್ತಾಳೆ ಅಂತ. ದಿನಾ ಹೇಳ್ತಿದ್ರು.”

ನಾನು ಬಾಗಿಲ ಕಡೆ ನೋಡಿದೆ. ಅವನ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದರು. ಮೊಬೈಲಿನ ಧ್ವನಿ ದೊಡ್ಡದಾಗಿಯೇ ಇತ್ತು, ಎಲ್ಲ ಕೇಳಿತ್ತು. ಅವರೂ ಅಳಲಿಲ್ಲ. ಒಳಗೆ ಹೋದರು.

ಶನಿವಾರ ಸಂಜೆ ಮನೆಯ ಹಿಂದೆ ಚಪ್ಪರ ಹಾಕಿ, ಮರುದಿನದ ಅಡಿಗೆಗೆ ಒಲೆ ಹೂಡಿದ್ದರು. ತರಕಾರಿ ಹೆಚ್ಚುವ ನೆರೆಕರೆಯವರ ನಡುವೆ ನಾನೂ ಕುಳಿತಿದ್ದೆ. ಅಡಿಗೆಯವನು ಎಷ್ಟು ಜನರಾಗಬಹುದು ಎಂದು ಕೇಳಿದ. ತೀರಿಕೊಂಡವನ ತಮ್ಮ ಮನೆಮನೆಯ ಲೆಕ್ಕ ಬಾಯಿಯಲ್ಲೇ ಹೇಳಿದ. ಅಡಿಗೆಯವನು ಅದಕ್ಕೆ ಬೇಕಾದ ಅಕ್ಕಿಯನ್ನು ಅಳೆದು ದೊಡ್ಡ ಪಾತ್ರೆಗೆ ಸುರಿದುಕೊಂಡು, ಮೂಟೆಯ ಬಾಯಿ ಕಟ್ಟಹೊರಟ. ಅಷ್ಟರಲ್ಲಿ ಅಕ್ಕ ಒಳಗಿನಿಂದ ಬಂದರು.

“ಕಟ್ಬೇಡಿ. ಇನ್ನೂ ಜನ ಉಂಟು” ಎಂದರು.

“ಇನ್ಯಾರು ಅತ್ತಿಗೆ?” ಎಂದ ತಮ್ಮ. ಆಮೇಲೆ ಅವನಿಗೆ ಹೊಳೆಯಿತು. “ಅಯ್ಯೋ, ಅವರೆಲ್ಲಿ ಬರ್ತಾರೆ? ಬಾರದವರಿಗೆ ಎಂತಕ್ಕೆ ಅಕ್ಕಿ ಹಾಕುದು?”

“ಬರುದು ಬಿಡುದು ಅವರಿಗೆ ಬಿಟ್ಟದ್ದು. ಹೇಳಿಕೆ ಹೋಗಿ ಆಗಿದೆ. ಹೇಳಿದ ಮೇಲೆ ಅಕ್ಕಿ ಹಾಕ್ಲೇಬೇಕು.”

ಯಾರೂ ನಗಲಿಲ್ಲ. ಅವರು ಸೊಂಟಕ್ಕೆ ಸೆರಗು ಸಿಕ್ಕಿಸಿ, ಅಡಿಗೆಯವನ ಕೈಯಿಂದ ಸೇರನ್ನು ತಾವೇ ತೆಗೆದುಕೊಂಡು, ಮೂಟೆಯ ಎದುರು ಕುಕ್ಕರುಗಾಲಲ್ಲಿ ಕುಳಿತರು. ನನ್ನ ಕಡೆ ತಿರುಗಿ ಕೇಳಿದರು.

“ಎಷ್ಟು ಜನ ಅಣ್ಣ?”

“ಮೂರು” ಎಂದೆ.

ಅವರು ಅಕ್ಕಿ ತುಂಬಿ, ಅಂಗೈಯಿಂದ ಮಟ್ಟ ಮಾಡದೆ, ಸೇರಿನ ಮೇಲೆ ರಾಶಿ ನಿಲ್ಲುವಷ್ಟು ಹಾಗೆಯೇ ಬಿಟ್ಟು, ಪಾತ್ರೆಗೆ ಸುರಿದರು.